ಸೇವೆಗೊಂದು ವಾರ

(ಬಾನುಲಿ ಭಾಷಣ)

ನಮ್ಮ ಊರಿನ ಹೆಸರಿನಲ್ಲಿಯೇ ಒಂದು ವಾರವಿದೆ. ಕೊಡಗಿನ ಉತ್ತರದ ತುದಿಯಲ್ಲಿ, ಹಾಸನ ಜಿಲ್ಲೆಯ ಗಡಿಗೆ ತಾಗಿಕೊಂಡಂತಿರುವ ಶನಿವಾರಸಂತೆಯ ಹೆಸರನ್ನು ಮೊದಲ ಸಲ ಕೇಳಿದವರು, "ಹಾಗಾದರೆ ಭಾನುವಾರ ಈ ಊರಿಗೆ ಏನನ್ನುತ್ತೀರಿ?" ಎಂದು ಹಾಸ್ಯ ಮಾಡುವುದುಂಟು. ತಾಲ್ಲೂಕಿನ ಕೇಂದ್ರವಾದ ಸೋಮವಾರಪೇಟೆಗೂ ಈ ಹಾಸ್ಯ ತಪ್ಪಿದ್ದಲ್ಲ. ಮಲೆನಾಡಿನ ಒಂಟಿ ಮನೆಗಳ ಜನಕ್ಕೆ ವಾರಕ್ಕೊಮ್ಮೆ ಒಬ್ಬರ ಮುಖವನ್ನೊಬ್ಬರು ನೋಡುವ ಅವಕಾಶ ಸಂತೆಯಲ್ಲಿ ಮಾತ್ರವೇ ಇದ್ದ ಕಾಲವೊಂದಿತ್ತು. ಏಲಕ್ಕಿ, ಮೆಣಸು, ಹಸಿಮೆಣಸಿನಕಾಯಿಗಳ ಜೊತೆಗೆ ಕಾಗದ ಪತ್ರಗಳು, ಹೆಣ್ಣು ಗಂಡುಗಳ ಸಂಬಂಧ, ಸಾಲದ ವಾಯಿದೆ, ಸಾವಿನ ಸುದ್ದಿ ಎಲ್ಲವೂ ಅಲ್ಲಿಯೇ ಕೈ ಬದಲಾಗುತ್ತಿದ್ದವು. ಕರೆಯುವವರಿಲ್ಲ, ಡಂಗುರ ಹೊಡೆಯುವವರಿಲ್ಲ. ವಾರ ಬಂದಿತೆಂದರೆ ಜನ ಬಂದರು. ಇತಿಹಾಸದ ಪಾಠ ಹೇಳುತ್ತಾ ನಿವೃತ್ತನಾದ ನನಗೆ, ಈ ಸಂತೆ ಎಂಬ ಏರ್ಪಾಟಿನ ಬಲ ಎಂಥದೆಂಬುದು ಹೊಳೆದದ್ದು ಮಾತ್ರ ಇತ್ತೀಚೆಗೆ, ಅದೂ ಬೇರೆಯೇ ಒಂದು ಸಂದರ್ಭದಲ್ಲಿ.

ನಮ್ಮ ಕಡೆಯ ಒಂದು ಚರ್ಚಿನ ಗುರುಗಳು ನನಗೆ ಹಳೆಯ ಪರಿಚಿತರು. ಒಂದು ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ, "ಮೇಷ್ಟ್ರೇ, ನಮ್ಮ ಸಭೆಯವರಿಗೆ ಪರಸೇವೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕು" ಎಂದರು.

"ಫಾದರ್, ನಾನು ನಿಮ್ಮ ಸಭೆಯವನಲ್ಲ. ಉಪದೇಶ ನಿಮ್ಮ ಕೆಲಸವಲ್ಲವೇ?" ಎಂದೆ.

"ಉಪದೇಶ ನಾನು ಮಾಡಿ ಮಾಡಿ ಸಾಕಾಗಿದೆ. ಭಾನುವಾರ ಬೆಂಚು ತುಂಬುತ್ತದೆ. ಸೋಮವಾರ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಜನ ಬೇಕೆಂದರೆ ನಾನೇ ಜೀಪು ಹತ್ತಬೇಕು. ಕೆಟ್ಟವರಲ್ಲ ಮೇಷ್ಟ್ರೇ, ಒಳ್ಳೆಯ ಜನ. 2018ರಲ್ಲಿ ನೀವೇ ನೋಡಿದ್ದೀರಲ್ಲ."

ನೋಡಿದ್ದೆ. ಆ ವರ್ಷದ ಆಗಸ್ಟ್ ತಿಂಗಳ ನಡುವೆ ಕೊಡಗಿನ ಗುಡ್ಡಗಳು ಕುಸಿದು, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಓಡಿಬಂದಾಗ, ಶಾಲೆ, ಕಲ್ಯಾಣಮಂಟಪ, ಮಠ, ಮಸೀದಿ, ಚರ್ಚು ಎನ್ನದೆ ಬಾಗಿಲುಗಳು ತೆರೆದವು. ನಾನೂ ಒಂದು ಶಿಬಿರದಲ್ಲಿ ಕೆಲವು ದಿನ ಇದ್ದೆ. ದೂರದೂರದ ಊರುಗಳಿಂದ ಲಾರಿಗಟ್ಟಲೆ ಬಟ್ಟೆ ಬಂದು ಬಿದ್ದಿತ್ತು. ಜರಿ ಸೀರೆಗಳು, ಕೋಟುಗಳು, ಒಂದು ಮೂಟೆಯಲ್ಲಿ ಮದುವೆಯ ಪೇಟಗಳು ಕೂಡ. ಅದನ್ನು ವಿಂಗಡಿಸುತ್ತಾ ಕುಳಿತಿದ್ದ ನನ್ನ ಬಳಿಗೆ ಒಬ್ಬ ಮುದುಕಿ ಬಂದು, "ಬಟ್ಟೆ ಸಾಕು ಮಗಾ. ಅಲ್ಲೊಬ್ಬಳು ಹಸಿ ಬಾಣಂತಿ ಇದ್ದಾಳೆ. ಅವಳಿಗೆ ಬಿಸಿನೀರು ಯಾರು ಕಾಯಿಸುತ್ತೀರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ತಕ್ಷಣ ಎದ್ದವರು ಇಬ್ಬರು ಹೆಂಗಸರು. ಕಾಫಿ ತೋಟದ ಲೈನ್ ಮನೆಯಿಂದ ಬಂದವರು, ಆ ಗುರುಗಳ ಸಭೆಗೇ ಸೇರಿದವರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಮಳೆ ನಿಂತಿತು, ಶಿಬಿರ ಮುಚ್ಚಿತು, ಆ ಇಬ್ಬರೂ ತಮ್ಮ ಕೂಲಿಗೆ ಮರಳಿದರು. ಅಲ್ಲಿಗೆ ಎಲ್ಲವೂ ನಿಂತುಹೋಯಿತು.

ಗುರುಗಳ ಸಂಕಟ ಅದೇ. ಆಪತ್ತಿಗೆ ಓಡಿಬರುವ ಜನ ಆಪತ್ತು ಕಳೆದ ಮೇಲೆ ಎಲ್ಲಿ ಹೋಗುತ್ತಾರೆ? ಹಾಸಿಗೆ ಹಿಡಿದ ಮುದುಕನ ಮನೆಯಲ್ಲಿ ದಿನವೂ ಆಪತ್ತೇ. ಆದರೆ ಅದು ಸದ್ದು ಮಾಡುವುದಿಲ್ಲ. ನನಗೆ ಉಪದೇಶ ಬಾರದು. ಗೊತ್ತಿರುವುದು ಸ್ವಲ್ಪ ಚರಿತ್ರೆ. ನಮ್ಮ ಕೊಡಗಿನಲ್ಲಿ, ಕನ್ನಡ ನಾಡಿನಲ್ಲಿ, ಇಂಥ ಕೆಲಸ ಹೇಗೆ ಹುಟ್ಟಿತು, ಹೇಗೆ ಬಾಳಿತು ಎಂಬುದನ್ನು ಹೇಳಬಲ್ಲೆ ಎಂದು ಒಪ್ಪಿಕೊಂಡೆ. ಅಂದು ಆ ಸಭೆಯಲ್ಲಿ ಆಡಿದ್ದನ್ನೇ ಈಗ ನಿಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಹೇಳುತ್ತಿದ್ದೇನೆ.

ಕೊಡಗಿನ ಕ್ರೈಸ್ತ ಸಭೆಯ ಚರಿತ್ರೆ ಸೇವೆ ಮಾಡುವುದರಿಂದ ಮೊದಲಾಗುವುದಿಲ್ಲ, ಸೇವೆಯನ್ನು ಪಡೆಯುವುದರಿಂದ ಮೊದಲಾಗುತ್ತದೆ. ಇದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿನ ಕಾಡು ಹೊಕ್ಕರು. ಅವರಿಗೆ ಆಶ್ರಯ ಕೊಟ್ಟವನು ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ. ಅವನು ಕಟ್ಟಿಸಿದ ವೀರರಾಜಪೇಟೆಯಲ್ಲಿ, 1792ರಲ್ಲಿ, ಅವರ ಪೂಜೆಗೆ ನೆಲವನ್ನೂ ಕೊಟ್ಟ. ಇಂದು ಸಂತ ಅನ್ನಮ್ಮನವರ ಹೆಸರಿನಲ್ಲಿರುವ ಚರ್ಚಿನ ಮೂಲ ಅಲ್ಲಿದೆ. ಹಾಲೇರಿಯ ಅರಸರು ಲಿಂಗಧಾರಿಗಳು. ಅರಸನ ಮನಸ್ಸಿನಲ್ಲಿ ರಾಜಕೀಯದ ಲೆಕ್ಕಾಚಾರವೂ ಇದ್ದಿರಬಹುದು. ಟಿಪ್ಪುವಿನ ವೈರಿಗಳನ್ನು ಪೊರೆಯುವುದು ಅವನಿಗೆ ಲಾಭವೇ. ಆದರೂ ದಾಸೋಹವೆಂಬ ಮಾತಿನೊಳಗೆ ಬೆಳೆದವನೊಬ್ಬ, ತನ್ನ ದೇವರನ್ನು ಒಪ್ಪದ ಜನಕ್ಕೆ ಅನ್ನ ಮತ್ತು ನೆಲ ಕೊಟ್ಟನೆಂಬುದು ಉಳಿಯುತ್ತದೆ. ಆ ಸಭೆಯಲ್ಲಿ ನಾನು ಇದನ್ನು ಹೇಳಿದಾಗ, ಹಿಂದಿನ ಬೆಂಚಿನ ಒಬ್ಬ ಹಿರಿಯರು, "ಹಾಗಾದರೆ ಸಾಲ ನಮ್ಮ ಮೇಲಿದೆ ಅನ್ನಿ" ಎಂದರು. ಮುಯ್ಯಿಯ ಲೆಕ್ಕ ನಮ್ಮ ಮಲೆನಾಡಿನವರಿಗೆ ಬೇಗ ತಿಳಿಯುತ್ತದೆ. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಆಳು, ನಾಳೆ ನಮ್ಮ ಗದ್ದೆಗೆ ನಿಮ್ಮ ಆಳು. ಮುಯ್ಯಾಳಿನ ಈ ಪದ್ಧತಿ ಬಹಳ ಒಳ್ಳೆಯದು, ಆದರೆ ಗದ್ದೆಯಿಲ್ಲದವನಿಗೆ ಅದರಲ್ಲಿ ಜಾಗವಿಲ್ಲ. ತಿರುಗಿ ಕೊಡಲಾರದವನ ಮನೆಗೆ ಯಾರು ಹೋಗಬೇಕೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ, ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಗ್ರಂಥವನ್ನು ನಮ್ಮ ವಿದ್ವಾಂಸರು ಬೈಯುವುದಕ್ಕಾದರೂ ಓದುತ್ತಾರೆ. ಕಾವಿ ಉಟ್ಟು, ಸಸ್ಯಾಹಾರಿಯಾಗಿ ಬಾಳಿದ ಅವನನ್ನು ಜನ ದೊಡ್ಡ ಸ್ವಾಮಿ ಎಂದು ಕರೆಯುತ್ತಿದ್ದರಂತೆ. ನನಗೆ ಅವನ ಗ್ರಂಥಕ್ಕಿಂತ ಅವನ ಎರಡು ಕೆಲಸಗಳ ಮೇಲೆ ಆಸಕ್ತಿ. ಒಂದು, ದಿಕ್ಕೆಟ್ಟ ಸಂಸಾರಗಳಿಗೆ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟದ್ದು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಹಳ್ಳಿ. ನಮ್ಮ ಸಂತೆಯಿಂದ ಅಷ್ಟೇನೂ ದೂರವಲ್ಲ. ಇನ್ನೊಂದು, ಸಿಡುಬಿನ ವಿರುದ್ಧ ದಾಕು ಹಾಕಿಸಿದ್ದು.

ಈ ದಾಕು ಹಾಕುವ ಕೆಲಸದ ಬಗೆಗೆ ಸ್ವಲ್ಪ ನಿಂತು ಹೇಳಬೇಕು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನ ರಸದಿಂದ ಮನುಷ್ಯನ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ಆ ರಸ ಮುಂಬಯಿಗೆ ಬಂದು, 1802ರ ಜೂನ್‌ನಲ್ಲಿ ಮೂರು ವರ್ಷದ ಒಂದು ಹುಡುಗಿಗೆ ಭಾರತದ ಮೊದಲ ದಾಕು ಹಾಕಲಾಯಿತು. ಅಂದಿನ ದಿನ ಔಷಧಿಯನ್ನು ತಣ್ಣಗಿಡುವ ಪೆಟ್ಟಿಗೆಯಿರಲಿಲ್ಲ. ರಸವನ್ನು ಶೀಸೆಯಲ್ಲಿಟ್ಟರೆ ನಮ್ಮ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಅದನ್ನು ಉಳಿಸುವ ಪಾತ್ರೆ ಮನುಷ್ಯನ ತೋಳು ಮಾತ್ರ. ಒಂದು ಮಗುವಿನ ತೋಳಿಗೆ ದಾಕು ಹಾಕಿದರೆ, ಎಂಟನೆಯ ದಿನಕ್ಕೆ ಅಲ್ಲಿ ಗುಳ್ಳೆ ಪಕ್ವವಾಗುತ್ತದೆ. ಅದರಿಂದ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಆ ಎಂಟನೆಯ ದಿನ ಮೊದಲ ಮಗುವಿನ ತಾಯಿ ಮನೆಯಲ್ಲಿಯೇ ಉಳಿದರೆ ಸರಪಳಿ ಕಡಿಯಿತು. ಮತ್ತೆ ದೂರದಿಂದ ರಸ ತರಿಸಬೇಕು. ದುಬ್ವಾ ಈ ಕಾರ್ಯದಲ್ಲಿ ತೊಡಗಿದಾಗ 25,000ಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಿಸಿದನೆಂದು ದಾಖಲೆಯಾಗಿದೆ. ಅಷ್ಟೂ ಜನಕ್ಕೆ ತೋಳಿನಿಂದ ತೋಳಿಗೇ ಅದು ದಾಟಿ ಬಂದಿರಬೇಕು. ಚರಿತ್ರೆ ದುಬ್ವಾನ ಹೆಸರನ್ನು ಉಳಿಸಿಕೊಂಡಿತು. ತನ್ನ ಮಗುವಿನ ಗುಳ್ಳೆಯನ್ನು ಪರರ ಮಗುವಿಗಾಗಿ ಚುಚ್ಚಿಸಲು ಎಂಟನೆಯ ದಿನ ನೆನಪಿಟ್ಟುಕೊಂಡು, ಬಿಸಿಲಲ್ಲಿ ನಡೆದುಬಂದ ತಾಯಂದಿರ ಹೆಸರು ಎಲ್ಲಿಯೂ ಇಲ್ಲ. ಅವರ ಮಗುವಿಗೆ ಆಗಬೇಕಾದ ರಕ್ಷಣೆ ಆಗಲೇ ಆಗಿಹೋಗಿತ್ತು. ಅವರು ತಿರುಗಿ ಬಂದದ್ದರಿಂದ ಅವರಿಗೆ ಸಿಗುವುದೇನೂ ಉಳಿದಿರಲಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸದೆ ಇರಲಾರೆ. ಇದೇ ದುಬ್ವಾ 1823ರಲ್ಲಿ ತನ್ನ ದೇಶಕ್ಕೆ ಮರಳಿದ ವರ್ಷ, ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಕೈಗೂಡುವಂಥದಲ್ಲವೆಂದು ನಿರಾಶೆಯಿಂದ ಬರೆದು ಪ್ರಕಟಿಸಿದ. ಉಳಿದ ಪಾದ್ರಿಗಳ ಕೋಪಕ್ಕೆ ಗುರಿಯಾದ. ತಾನು ಯಾವುದಕ್ಕಾಗಿ ಬಂದೆನೋ ಅದು ಸೋತಿತೆಂದು ಅವನೇ ಭಾವಿಸಿದ. ಬದುಕಿನ ಮುಖ್ಯ ಕೆಲಸವಲ್ಲವೆಂದು ಅವನು ಎಣಿಸಿರಬಹುದಾದ ದಾಕು ಮತ್ತು ಸಾತಹಳ್ಳಿಯ ಹೊಲ ಗೆದ್ದವು.

ಇನ್ನು ಕೊಡಗಿಗೇ ಮರಳೋಣ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಸಾಹಿತ್ಯಪ್ರಿಯರಾದ ನಿಮಗೆ ಅಪರಿಚಿತನಲ್ಲ. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಅಚ್ಚಿಗೆ ತಂದು, 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯನ್ನು ಕಟ್ಟಿದ ಆ ಜರ್ಮನ್ ಪಾದ್ರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಸಾಹಿತ್ಯ ಚರಿತ್ರೆಗಳು ಅಷ್ಟಕ್ಕೇ ನಿಲ್ಲುತ್ತವೆ. ಆದರೆ ಅವನ ಬಾಳಿನ ಮುಂದಿನ ಅಧ್ಯಾಯ ಕೊಡಗಿನಲ್ಲಿದೆ. 1853ರಲ್ಲಿ ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರೊಬ್ಬರು ಮಂಗಳೂರಿನಲ್ಲಿ ಅವನಿಂದ ದೀಕ್ಷೆ ಪಡೆದು ಸ್ತೆಫಾನಸ್ ಎಂದು ಹೆಸರಿಟ್ಟುಕೊಂಡರು. ಊರಿಗೆ ಹಿಂತಿರುಗುವ ಯೋಚನೆಯಲ್ಲಿದ್ದ ಮೊಗ್ಲಿಂಗ್, ಬಾಸೆಲ್ ಮಿಷನ್ನಿನ ಸಮಿತಿಯ ಅಪ್ಪಣೆಗೆ ಕಾಯದೆ, ತನ್ನ ಜವಾಬ್ದಾರಿಯ ಮೇಲೆಯೇ ಅವರ ಜೊತೆ ಘಟ್ಟ ಹತ್ತಿಬಿಟ್ಟ. ನಲವತ್ತು ದಾಟಿದ, ಹೆಸರು ಮಾಡಿದ ಒಬ್ಬ ಮನುಷ್ಯ ಸಂಬಳದ ಖಾತ್ರಿಯಿಲ್ಲದೆ ಹೊಸ ಊರಿಗೆ ಹೊರಡುವುದು ಯಾವ ಕಾಲಕ್ಕೂ ಸಣ್ಣ ಮಾತಲ್ಲ.

ಸ್ತೆಫಾನಸ್ ಎಂಬ ಆ ಹೆಸರಿನ ಬಗೆಗೆ ನನಗೊಂದು ಕುತೂಹಲ. ಕಲ್ಲೇಟಿಗೆ ಸಿಕ್ಕಿ ಹುತಾತ್ಮನಾದ ಸ್ತೆಫನನೇ ಬೇರೆ. ಜನ ಇಬ್ಬರನ್ನೂ ಒಂದೆಂದು ತಿಳಿಯುವುದುಂಟು. ಸ್ತೆಫಾನಸ್ ಕೊರಿಂಥ ಪಟ್ಟಣದ ಒಬ್ಬ ಗೃಹಸ್ಥ. ಆ ಪ್ರಾಂತದಲ್ಲಿ ಮೊದಲಿಗೆ ಹೊಸ ಮತಕ್ಕೆ ಬಂದ ಮನೆ ಅವನದು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಆ ಮನೆಯವರನ್ನು ನೆನೆಯುವುದು ಒಂದೇ ಕಾರಣಕ್ಕೆ: ಅವರು ಸಭೆಯವರ ಸೇವೆಯನ್ನು ತಾವಾಗಿಯೇ ತಮ್ಮ ಮೇಲೆ ಹಾಕಿಕೊಂಡಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ. ಅಲ್ಲಿ ಸೇವೆಗೆ ಬಳಸಿರುವ ಗ್ರೀಕ್ ಮಾತು ದಿಯಾಕೊನಿಯ. ಅದರ ಮೊದಲ ಅರ್ಥದಲ್ಲಿ ಯಾವ ಪಾವಿತ್ರ್ಯವೂ ಇಲ್ಲ. ಊಟಕ್ಕೆ ಕುಳಿತವರಿಗೆ ಬಡಿಸುವ ಆಳಿನ ಕೆಲಸ ಅದು. ನಮ್ಮಲ್ಲಿ ಸೇವೆ ಎಂದೊಡನೆ ದೇವಸ್ಥಾನದ ರಸೀತಿ ಪುಸ್ತಕ ಕಣ್ಣಿಗೆ ಬರುತ್ತದೆ, ಚರ್ಚಿನಲ್ಲಿ ಪ್ರಾರ್ಥನೆಗೂ ಆರಾಧನೆಗೂ ಅದೇ ಹೆಸರು. ಮೂಲದಲ್ಲಿ ಅದು ಎಲೆ ಹಾಕುವುದು, ನೀರು ಬಡಿಸುವುದು, ಎಂಜಲೆತ್ತುವುದು.

ಜೆರೂಸಲೇಮಿನ ಮೊದಲ ಸಭೆಯಲ್ಲಿಯೂ ಜಗಳ ಹುಟ್ಟಿದ್ದು ಊಟದ ಪಂಕ್ತಿಯಲ್ಲಿಯೇ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆಯಲಾಗುತ್ತಿದೆ ಎಂಬ ದೂರು ಬಂತು. ಅದಕ್ಕೆ ಹಿರಿಯರು, ಎಲ್ಲರೂ ಇನ್ನು ಮುಂದೆ ಹೆಚ್ಚು ದಯೆಯಿಂದಿರಿ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಏಳು ಜನರನ್ನು ಹೆಸರು ಹಿಡಿದು ಆರಿಸಿ, ಇದು ನಿಮ್ಮ ಕೆಲಸವೆಂದು ಒಪ್ಪಿಸಿದರು. ನನ್ನ ಮಿತ್ರರಾದ ಗುರುಗಳು ಈ ಕಥೆಯನ್ನು ನೂರು ಸಲ ಓದಿದ್ದಾರೆ. ಅದರಲ್ಲಿ ಒಂದು ಆಡಳಿತದ ಉಪಾಯವಿದೆ ಎಂಬುದನ್ನು ಮಾತ್ರ ನಾನು ಅವರಿಗೆ ಬೊಟ್ಟು ಮಾಡಿ ತೋರಿಸಬೇಕಾಯಿತು.

ಕೊಡಗಿನ ಸ್ತೆಫಾನಸರಿಗೆ ಆ ಹೆಸರಿಟ್ಟದ್ದು ಇದೇ ಕಾರಣಕ್ಕೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಮತ್ತು ಮೊಗ್ಲಿಂಗನ ಕೆಲಸ ಹೋಗಿ ನಿಂತದ್ದು ಸಿದ್ದಾಪುರದ ಬಳಿಯ ಆನಂದಪುರದಲ್ಲಿ. ಇಲ್ಲಿಯೇ ನಮ್ಮ ಜಿಲ್ಲೆಯ ಚರಿತ್ರೆಯ ಒಂದು ನೋವಿನ ಪುಟವನ್ನೂ ತೆರೆಯಬೇಕಾಗುತ್ತದೆ. ಅಂದಿನ ಕೊಡಗಿನಲ್ಲಿ ಬೇಸಾಯದ ದುಡಿಮೆ ನಡೆಯುತ್ತಿದ್ದದ್ದು ಜೀತದವರಿಂದ. ದಾಖಲೆಗಳು ಹೊಲೆಯರು, ಯರವರು ಎಂದು ಕರೆಯುವ ಜನ, ಕೆಲವರು ಭೂಮಿಗೆ ಸೇರಿದವರಾಗಿ, ಕೆಲವರು ಮನೆತನಕ್ಕೆ ಸೇರಿದವರಾಗಿ, ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿದ್ದರು. 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾಯಿತು. 1843ರ ಕಾಯಿದೆಯ ಪ್ರಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿತು. ಕಾಯಿದೆ ಕಾಗದದ ಮೇಲೆ ಬಂದ ಮಾತ್ರಕ್ಕೆ ಕಾಲಿಗೆ ನೆಲ ಬರುವುದಿಲ್ಲವಲ್ಲ. ಬಿಡುಗಡೆ ಹೊಂದಿದವನು ಅಂದು ರಾತ್ರಿ ಎಲ್ಲಿ ಮಲಗಬೇಕು, ಮರುದಿನ ಏನು ತಿನ್ನಬೇಕು? 1850ರ ದಶಕದ ಕೊನೆಯ ವರ್ಷಗಳಲ್ಲಿ ಆನಂದಪುರ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಜೀತದಿಂದ ಬಂದ ಸಂಸಾರಗಳಿಗೆ ಅಲ್ಲಿ ಮನೆಯಾಯಿತು, ಶಾಲೆಯಾಯಿತು, ದುಡಿಮೆಗೆ ಕಾಫಿಯ ತೋಟವಾಯಿತು. ಯೂರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ ತಲೆಯೆತ್ತಿದ್ದು 1854ರಲ್ಲಿ. ಆ ಬೆಳೆ ಇನ್ನೂ ಎಲ್ಲರಿಗೂ ಜೂಜಾಟದಂತಿದ್ದ ಕಾಲ ಅದು. ಪತ್ನಿಯ ಅನಾರೋಗ್ಯದಿಂದಾಗಿ 1860ರ ಸುಮಾರಿಗೆ ಮೊಗ್ಲಿಂಗ್ ಕೊಡಗನ್ನು ಬಿಟ್ಟು ಹೋದ. ಊರು ಮಾತ್ರ ಉಳಿಯಿತು.

ಈ ಕೆಲಸ ಸೇವೆಯೋ, ಮತಪ್ರಚಾರವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮೊಗ್ಲಿಂಗ್ ಬಂದದ್ದು ಮತವನ್ನು ಹರಡಲು. ಅದನ್ನು ಅವನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಟ್ಟು ಮಾತಾಡಬೇಕಾಗಿಲ್ಲ. ಹಸಿದವನ ಕೈಗೆ ತುತ್ತಿನೊಡನೆ ಪುಸ್ತಕವನ್ನೂ ಇಟ್ಟರೆ, ಆ ಹಸಿದವನಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆ ಎಂಬ ಶಂಕೆ ನನಗೆ ಇಂದಿಗೂ ಇದೆ. ಆ ಸಭೆಯಲ್ಲಿಯೂ ಅದನ್ನು ಬಚ್ಚಿಡದೆ ಹೇಳಿದೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಅದರ ಪಕ್ಕದಲ್ಲಿಡಬೇಕು. ಆ ಜೀತದಾಳಿನ ಮನೆಯ ಬಾಗಿಲಿಗೆ, ಪುಸ್ತಕವಿಲ್ಲದೆ ಬರೀ ತುತ್ತನ್ನು ಹಿಡಿದು, ನಮ್ಮವರಲ್ಲಿ ಎಷ್ಟು ಜನ ಹೋಗಿದ್ದರು? ಈ ಎರಡನೆಯ ಪ್ರಶ್ನೆ ನಮ್ಮಂಥವರಿಗೆ ಸೇರಿದ್ದು. ಅದಕ್ಕೆ ಉತ್ತರ ಕೊಡುವಾಗ ಗಂಟಲು ಸ್ವಲ್ಪ ಒಣಗುತ್ತದೆ.

ಘಟ್ಟದ ಕೆಳಗಿನ ಒಂದು ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಜಿಲ್ಲೆಯ ರೋಗಿಗಳು ಇಂದಿಗೂ ಮಂಗಳೂರಿನ ದಾರಿ ಹಿಡಿಯುವವರಾದ್ದರಿಂದ ಅದು ಹೊರಗಿನದಲ್ಲ. ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ ಮಂಗಳೂರಿಗೆ ಬಂದದ್ದು ಕಾಲೇಜಿನಲ್ಲಿ ಪಾಠ ಹೇಳಲು. ಹೋಮಿಯೋಪತಿ ಅವನಿಗೆ ಒಂದು ಹವ್ಯಾಸ. ಜ್ವರ ಬಂದ ಹುಡುಗರಿಗೆ ಸಕ್ಕರೆಗುಳಿಗೆ ಕೊಡಹೋಗಿ, ಊರಿನ ಬಡವರು ಬರಲಾರಂಭಿಸಿ, 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯವೇ ಆಯಿತು. ಮರದಡಿಯಲ್ಲಿ ಮೊದಲಾಯಿತೆಂದು ಹೇಳುವ ವಾಡಿಕೆ. 1890ರ ವೇಳೆಗೆ ಕುಷ್ಠರೋಗಿಗಳಿಗೆ ಆಸ್ಪತ್ರೆ, ಮುಂದೆ ಪ್ಲೇಗು ಬಂದಾಗ ಅದಕ್ಕೊಂದು. ಇಂದು ಅಲ್ಲಿರುವುದು ದೊಡ್ಡ ವೈದ್ಯಕೀಯ ಕಾಲೇಜು. ಹೋಮಿಯೋಪತಿಯ ಗುಣದೋಷಗಳ ಚರ್ಚೆ ನನಗೆ ಬೇಡ. ನಾನು ಹಿಡಿಯುವುದು ಒಂದೇ ಅಂಶವನ್ನು: ಇವತ್ತು ಬಾಗಿಲು ತೆರೆದ ಮನುಷ್ಯ ನಾಳೆಯೂ ತೆರೆದ, ಅವನು ಅಲ್ಲಿರುತ್ತಾನೆಂದು ರೋಗಿಗೆ ಗೊತ್ತಿತ್ತು.

ಸಾಮಾನ್ಯ ಸಭಿಕರ ಕೈಯಿಂದಲೇ ನಡೆದ ಏರ್ಪಾಟುಗಳೂ ಇಲ್ಲದೆ ಇಲ್ಲ. ಪ್ಯಾರಿಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಕೆಲವು ಸ್ನೇಹಿತರನ್ನು ಕೂಡಿಸಿ ಸಂತ ವಿನ್ಸೆಂಟ್ ದ ಪೌಲರ ಹೆಸರಿನಲ್ಲಿ ಒಂದು ಸಂಘ ಕಟ್ಟಿದ. "ನಿಮ್ಮ ಸಭೆ ಹಿಂದೆ ದೊಡ್ಡದನ್ನು ಮಾಡಿತು, ಇಂದು ಏನು ಮಾಡುತ್ತಿದೆ?" ಎಂಬ ಅರ್ಥದ ಮೂದಲಿಕೆಗೆ ಅದು ಉತ್ತರವಾಗಿತ್ತಂತೆ. ವಾರಕ್ಕೊಮ್ಮೆ ಸೇರುವುದು, ಬಡವರ ಮನೆಗೆ ತಾವೇ ಹೋಗುವುದು, ಇದಕ್ಕಿಂತ ಹೆಚ್ಚಿನ ತತ್ತ್ವ ಅವರಲ್ಲಿರಲಿಲ್ಲ. ಅವರು ಮೊದಲು ಕೊಂಡೊಯ್ದವುಗಳಲ್ಲಿ ಸೌದೆಯೂ ಒಂದು. ಆ ಸಂಘ ನಮ್ಮ ದೇಶಕ್ಕೂ ಬಂದು, ಇಂದು ಕನ್ನಡ ನಾಡಿನ ಅನೇಕ ಚರ್ಚುಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಈಶಾನ್ಯದ ಮಿಜೋರಾಮಿನಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿಸಲವೂ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. 1910ರಿಂದ ಬಂದ ರೂಢಿ ಅದು. ಸಭೆಯ ಹೆಂಗಸರು ಮನೆಮನೆಯಿಂದ ಅದನ್ನು ಕೂಡಿಸುತ್ತಾರೆ. ಆ ಹಿಡಿ ಅಕ್ಕಿಯ ಮೇಲೆ ಅಲ್ಲಿಯ ಸಭೆಯ ಎಷ್ಟೋ ಕೆಲಸ ನಿಂತಿದೆ. ಹಣವಿಲ್ಲದ ಊರಿನಲ್ಲಿ ಇದೊಂದು ಸೊಗಸಾದ ಉಪಾಯ. ಕೊಡುವವಳಿಗೆ ಕೊಟ್ಟೆನೆಂಬ ಭಾರವೂ ತಿಳಿಯುವುದಿಲ್ಲ, ಮರೆಯಲೂ ಆಗುವುದಿಲ್ಲ.

ಇಷ್ಟನ್ನು ಆ ಸಭೆಯಲ್ಲಿ ಹೇಳುತ್ತಿದ್ದಂತೆ ನನಗೇ ಒಂದು ವಿಷಯ ಸ್ಪಷ್ಟವಾಗುತ್ತಾ ಬಂತು. ದಾಕಿಗೆ ಎಂಟನೆಯ ದಿನವಿತ್ತು. ಜೆರೂಸಲೇಮಿನ ಪಂಕ್ತಿಗೆ ಏಳು ಹೆಸರುಗಳಿದ್ದವು. ಓಜನಾಂನ ಸಂಘಕ್ಕೆ ವಾರದ ಸಭೆಯಿತ್ತು. ಉಳಿದುಬಂದ ಸೇವೆಗಳಿಗೆಲ್ಲ ಒಂದು ವಾರವೂ ಒಬ್ಬ ಮನುಷ್ಯನೂ ಗೊತ್ತಾಗಿದ್ದವು. ಶಿಬಿರದಲ್ಲಿ ಬಿಸಿನೀರು ಕಾಯಿಸಿದ ಆ ಇಬ್ಬರು ಹೆಂಗಸರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಶಿಬಿರ ಮುಚ್ಚಿದ ಮೇಲೆ, ಮುಂದಿನ ಮಂಗಳವಾರ ಎಲ್ಲಿಗೆ ಬರಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೆ. ಶನಿವಾರಸಂತೆಯವನಾದ ನಾನು ಇದನ್ನು ಕಾಣಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮಾತು ಮುಗಿದ ಮೇಲೆ ಒಬ್ಬಳು ಎದ್ದು ನಿಂತಳು. ತೋಟದ ಕೆಲಸದವಳು. "ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ನಮಗೆ ಬಿಡುವೆಲ್ಲಿದೆ? ಬೆಳಗ್ಗೆ ಎಂಟಕ್ಕೆ ತೋಟದಲ್ಲಿ ಹಾಜರಿ. ಬರದಿದ್ದರೆ ಆ ದಿನದ ಕೂಲಿ ಹೋಯಿತು. ಕಾಫಿ ಕುಯ್ಲಿನ ಕಾಲದಲ್ಲಿ ಮನೆಗೆ ಬಂದರೆ ಕೈ ಎತ್ತುವುದಕ್ಕಾಗುವುದಿಲ್ಲ. ಬಿಡುವಿರುವವರು ಮುಂದಿನ ಬೆಂಚಿನಲ್ಲಿ ಕೂತಿದ್ದಾರೆ" ಎಂದಳು. ಮುಂದಿನ ಬೆಂಚಿನವರು ತೋಟದ ಯಜಮಾನರು, ವ್ಯಾಪಾರಿಗಳು. ಗುರುಗಳ ಮುಖ ಕೆಂಪಾಯಿತು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ, ಆ ಮಾತು ನಿಜವೆಂದು ಒಪ್ಪಿಕೊಂಡು ಕುಳಿತೆ. ಸೇವೆಯನ್ನು ಬೋಧಿಸುವವರು ಸಾಮಾನ್ಯವಾಗಿ ಗಡಿಯಾರದ ಒಡೆಯರಾಗಿರುತ್ತಾರೆ. ಚರಿತ್ರೆಯನ್ನು ಬರೆಯುವವರೂ ಹಾಗೆಯೇ.

ಅದೇ ಸಂಜೆ ಮುಂದಿನ ಬೆಂಚಿನ ಒಬ್ಬರು, ಮಾತಿಗಿಂತ ಕೆಲಸಕ್ಕೆ ಬೆಲೆ ಕೊಡುವ ಮನುಷ್ಯ, ಗುರುಗಳ ಕೋಣೆಗೆ ಬಂದು, ವಾರದಲ್ಲಿ ಒಂದು ದಿನ ಮಧ್ಯಾಹ್ನದ ಮೇಲೆ ತಮ್ಮ ತೋಟದ ಇಬ್ಬರಿಗೆ ಕೂಲಿ ಮುರಿಯದೆ ಬಿಡುವು ಕೊಡುವುದಾಗಿ ಹೇಳಿದರಂತೆ. ತಮ್ಮ ಜೀಪನ್ನೂ ಬುಧವಾರಕ್ಕೆ ಬರೆಸಿದರು. ಗುರುಗಳು ಒಂದು ಉದ್ದನೆಯ ನೋಟು ಪುಸ್ತಕ ತಂದು ಗೆರೆ ಎಳೆದು ಏಳು ಖಾನೆ ಮಾಡಿದರು. ಪ್ರತಿ ಖಾನೆಯಲ್ಲಿ ಒಂದು ಮನೆ, ಒಂದು ಕೆಲಸ, ಇಬ್ಬರ ಹೆಸರು. ಸೋಮವಾರ ಕಣ್ಣಿಲ್ಲದ ಅಜ್ಜಿಗೆ ನೀರು ಸೇದಿಡುವುದು, ಮಂಗಳವಾರ ಪಿಂಚಣಿಯ ಅರ್ಜಿಗಳನ್ನು ತುಂಬುವುದು, ಹೀಗೆ. ಸಭೆಯವರ ಮನೆಯೇ ಆಗಬೇಕೆಂಬ ನಿಯಮ ಬೇಡವೆಂದು ನಾನು ಹೇಳುವ ಮುಂಚೆಯೇ ಅವರು ಪಟ್ಟಿಯ ಮೂರನೆಯ ಹೆಸರಾಗಿ ಒಬ್ಬ ಮುಸಲ್ಮಾನ ಮುದುಕನದನ್ನು ಬರೆದಿದ್ದರು.

ಮೊದಲ ವಾರ ಹನ್ನೆರಡು ಹೆಸರಿದ್ದದ್ದು ಮೂರನೆಯ ವಾರಕ್ಕೆ ಒಂಬತ್ತಾಯಿತು, ಮಳೆಗಾಲದಲ್ಲಿ ಆರು. ಗುರುಗಳು ಕುಗ್ಗಿದರು. ದುಬ್ವಾನ ತಾಯಂದಿರಲ್ಲಿ ಕೂಡ ಎಂಟನೆಯ ದಿನ ಬಾರದವರು ಇದ್ದೇ ಇದ್ದಿರಬೇಕೆಂದು ಸಮಾಧಾನ ಹೇಳಿದೆ.

ಶನಿವಾರದ ಖಾನೆ ಮಾತ್ರ ಮೊದಲಿನಿಂದಲೂ ಖಾಲಿಯಾಗಿಯೇ ಉಳಿದಿತ್ತು. ಆ ದಿನ ಇಡೀ ಊರು ಸಂತೆಯಲ್ಲಿರುತ್ತದೆ. ಕೂಲಿಯವರಿಗೆ ವಾರದ ಸಾಮಾನು ಕೊಳ್ಳುವ ದಿನ, ವ್ಯಾಪಾರಿಗಳಿಗೆ ತಲೆ ಎತ್ತಲು ಪುರುಸೊತ್ತಿಲ್ಲದ ದಿನ. ಆ ಖಾನೆಯ ಮನೆ ಊರಿನಿಂದ ಎರಡು ಮೈಲಿ ಆಚೆ, ಒಂದು ಹಳೆಯ ಲೈನಿನ ಕೊನೆಯ ಕೋಣೆ. ಅಲ್ಲಿ ಪಾರ್ಶ್ವವಾಯು ಬಡಿದ ಒಬ್ಬ ಮುದುಕ ಮಲಗಿದ್ದಾನೆ. ಹೆಂಡತಿ ಸಂತೆಗೆ ಬಂದು ಹೋಗುವವರೆಗೆ ಅವನ ಬಳಿ ಯಾರಾದರೂ ಕುಳಿತಿರಬೇಕು. ನೋಟು ಪುಸ್ತಕವನ್ನು ನನ್ನ ಮುಂದೆ ಸರಿಸಿ, ಗುರುಗಳು ಏನೂ ಹೇಳದೆ ಪೆನ್ನಿನ ಮುಚ್ಚಳ ತೆಗೆದರು. ನಿವೃತ್ತನಾದವನಿಗೆ ಸಂತೆಯಲ್ಲಿ ಏನು ಕೆಲಸ? ಈಗ ಶನಿವಾರ ಬೆಳಗ್ಗೆ ಜನರೆಲ್ಲ ಚೀ‌ಲ ಹಿಡಿದು ಊರೊಳಗೆ ಬರುವಾಗ ನಾನೊಬ್ಬ ಎದುರು ದಿಕ್ಕಿನಲ್ಲಿ ನಡೆಯುತ್ತೇನೆ. ಮುದುಕನಿಗೆ ಮಾತು ತೊದಲುತ್ತದೆ, ಕಿವಿ ಚುರುಕಾಗಿದೆ. ಹಸಿಮೆಣಸಿನಕಾಯಿಗೆ ಇವತ್ತು ಏನು ಧಾರಣೆ ಎಂದು ಪ್ರತಿವಾರವೂ ಕೇಳುತ್ತಾನೆ. ಸಂತೆಗೆ ಹೋಗದ ನನಗೆ ಅದು ಹೇಗೆ ತಿಳಿಯಬೇಕು? ಕಳೆದ ವಾರದಿಂದ ದಾರಿಯಲ್ಲಿ ಎದುರಾದವರನ್ನು ನಿಲ್ಲಿಸಿ ಕೇಳಿಕೊಂಡು ಹೋಗುತ್ತಿದ್ದೇನೆ.